ಎರಡು ಜಗ್ಗು

ಮಳೆ ಹಿಂದೆ ಸರಿದು ಬಿಸಿಲು ಗಟ್ಟಿಯಾಗಿತ್ತು. ಕೊಯ್ಲು ಹತ್ತಿರವಾಗುತ್ತಿದ್ದಂತೆ ಹಗ್ಗದವರ ಮನೆಯಲ್ಲಿ ಕೈಗೆ ಬಿಡುವಿರುವುದಿಲ್ಲ. ಹೊಂಡದಲ್ಲಿ ಕೊಳೆಹಾಕಿದ ಕತ್ತಾಳೆಯನ್ನು ಮೇಲೆತ್ತಿ, ಬಡಿದು, ತೊಳೆದು, ಹಸಿ ನಾರನ್ನು ಗಳುವಿನ ಮೇಲೆ ಹರಡುತ್ತಿದ್ದಳು ಯಜಮಾನನ ಹೆಂಡತಿ. ನಾತ ಅಂಗಳದ ಉದ್ದಕ್ಕೂ ಹಬ್ಬಿತ್ತು.

"ಮೂಗು ಮುಚ್ಕೊಳ್ಳಿ ಸಾಹೇಬ್ರೇ. ಅಭ್ಯಾಸ ಇಲ್ದೋರಿಗೆ ತಲೆ ತಿರುಗುತ್ತೆ" ಎಂದಳು. "ಸೋಪು ಹಾಕಿ ಉಜ್ಜಿದ್ರೂ ಕೈ ಬಿಡಲ್ಲ ಇದು. ಉಣ್ಣೋ ತುತ್ತಿಗೂ ಬರುತ್ತೆ."

ಇನ್‌ಸ್ಪೆಕ್ಟರು ಮೂಗು ಮುಚ್ಚಿಕೊಳ್ಳಲಿಲ್ಲ. ಹಗ್ಗ ಹೊಸೆಯುವ ಚಕ್ರದ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಎಳೆಯನ್ನು ನೋಡುತ್ತಿದ್ದರು. ಠಾಣೆಯವರೆಲ್ಲ ಅವರ ಬೆನ್ನ ಹಿಂದೆ ನಿಧಾನಪ್ಪ ಎನ್ನುತ್ತಿದ್ದರು. ಅವರಿಗದು ಗೊತ್ತಿತ್ತು. ಗೊತ್ತಾಗುವುದಕ್ಕೂ ತುಸು ಕಾಲ ಹಿಡಿದಿತ್ತು, ಅಷ್ಟೆ.

ಪೊಲೀಸರು ಮುದ್ರೆ ಹಾಕಿ ಕೊಕ್ಕೆಗೇ ಬಿಟ್ಟಿದ್ದ ಎಳೆ ಅದು. ಅದರಲ್ಲೇ ಯಜಮಾನನ ಕೊರಳಿನ ವಸ್ತ್ರ ಸುತ್ತಿಕೊಂಡು, ಕತ್ತು ಬಿಗಿದು, ಮಿದುಳಿಗೆ ರಕ್ತ ಹೋಗುವುದು ನಿಂತಿತ್ತು. ಜೀವ ಉಳಿಯಿತು, ಆ ದಿನದ ನೆನಪು ಉಳಿಯಲಿಲ್ಲ. ದಿನವೂ ಚಕ್ರ ತಿರುಗಿಸುತ್ತಿದ್ದ ತಮ್ಮ ಈಗ ಲಾಕಪ್ಪಿನಲ್ಲಿದ್ದ. ಆಸ್ಪತ್ರೆಯಲ್ಲಿ ಹೊಸ ಮದ್ದು ಶುರುವಾದ ಮೇಲೆ ಯಜಮಾನನಿಗೆ ನೆನಪು ಒಂದೊಂದಾಗಿ ಮರಳುತ್ತಿತ್ತು. ನಿನ್ನೆ ಆ ದಿನವೂ ಮರಳಿತ್ತು. 'ತಮ್ಮನೇ ತಿರುಗಿಸಿದ. ನಿಲ್ಲಿಸಲೇ ಇಲ್ಲ' ಎಂದಿದ್ದ.

ನಾಳೆ ಬೆಳಿಗ್ಗೆ ನ್ಯಾಯಾಧೀಶರು ಆಸ್ಪತ್ರೆಗೇ ಬಂದು ಆ ಮಾತನ್ನು ಬರೆದುಕೊಳ್ಳುವವರಿದ್ದರು. ಬರೆದುಕೊಂಡರೆ ಕೇಸು ಮುಗಿದಂತೆ. ತಮ್ಮನ ಬದುಕೂ ಮುಗಿದಂತೆ.

ನಿಧಾನಪ್ಪನಿಗೆ ಸಂತೋಷವಾಗಬೇಕಿತ್ತು. ಹಿಡಿದವನೇ ತಪ್ಪಿತಸ್ಥನೆಂದು ತಿಳಿದಾಗ ಯಾವ ಪೊಲೀಸಿನವನಿಗೆ ಸಂತೋಷವಾಗುವುದಿಲ್ಲ? ಆದರೆ ಬೆಳಕು ಹರಿಯುತ್ತಲೇ ಇಲ್ಲಿಗೆ ಬಂದಿದ್ದರು.

ಎಳೆಯ ಮೇಲೆ ಬೆರಳಾಡಿಸಿದರು. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಕೂತು ದನದ ಹಗ್ಗ ಹೊಸೆದ ಕೈ ಅದು. ಕತ್ತರಿಸಿದ ತುದಿಯಲ್ಲಿ ಹುರಿ ಬಿಚ್ಚಿಕೊಂಡಿದ್ದರೆ ಅದು ಸಹಜ. ಇಲ್ಲಿ ಚಕ್ರದ ಕೊಕ್ಕೆಯ ಪಕ್ಕದಲ್ಲೇ, ಮೊಳದುದ್ದ, ನಾರು ಸಡಿಲಾಗಿ ಕೂದಲಿನಂತೆ ಹರಡಿತ್ತು.

ಯಾರೋ ಚಕ್ರವನ್ನು ಹಿಂದಕ್ಕೆ ತಿರುಗಿಸಿದ್ದರು.

ಕೊಲ್ಲಬೇಕೆಂದು ಕೂತವನು ಹಿಂದಕ್ಕೆ ಯಾಕೆ ತಿರುಗಿಸುತ್ತಾನೆ?

"ಅಕ್ಕಾ, ಚಕ್ರದ ಹತ್ರ ನೀವೂ ಕೂತದ್ದುಂಟಾ?"

ಅವಳು ನಾರಿನ ಸಿಕ್ಕು ಬಿಡಿಸುತ್ತಲೇ ಇದ್ದಳು. "ನನ್ನ ಬಲ ಭುಜ ಮೇಲೇ ಎತ್ತಕಾಗಲ್ಲ. ಅದು ಮೈದುನನ ಕೆಲಸ. ನಾನು ಈ ಕೊಟ್ಟಿಗೆ ಗುಡಿಸಿದ್ದುಂಟು, ಚಕ್ರ ಮುಟ್ಟಿಲ್ಲ."

ಎಂದವಳು ಬಲಗೈಯಿಂದಲೇ ಗಳುವಿನ ಮೇಲ್ತುದಿಗೆ ನಾರು ಎಸೆದಳು.

ನಿಧಾನಪ್ಪ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು.

*

ಲಾಕಪ್ಪಿನಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ಕೈಗೆ ಕೆಲಸವಿಲ್ಲದೆ ಕಂಬಳಿಯ ಅಂಚಿನ ನೂಲು ಕಿತ್ತು ತೊಡೆಯ ಮೇಲಿಟ್ಟು ಹೊಸೆಯುತ್ತಿದ್ದ. ಕಾವಲಿಗಿದ್ದ ಪೇದೆಗೆ ಮೀಸೆ ಎಂದೇ ಹೆಸರು. ಮುಖಕ್ಕಿಂತ ಮೊದಲು ಮೀಸೆಯೇ ಬಾಗಿಲು ದಾಟಿ ಬರುತ್ತಿತ್ತು.

"ನೋಡಿ ಸಾರ್, ಸರ್ಕಾರದ ಕಂಬಳಿ ಅರ್ಧ ಮುಗಿಸಿದಾನೆ" ಎಂದು ಮೀಸೆ ದೂರಿದ.

"ಇನ್ನರ್ಧ ಮುಗಿಯೋಷ್ಟರಲ್ಲಿ ಬಿಡಿಸೋಣ ಬಿಡಿ" ಎಂದರು ನಿಧಾನಪ್ಪ. ಹೇಳಿದ ಮೇಲೆ, ಅದು ತಮಾಷೆಯೋ ಭರವಸೆಯೋ ಅವರಿಗೇ ತಿಳಿಯಲಿಲ್ಲ.

ತಮ್ಮ ತಲೆಯೆತ್ತಿದ. "ಸಾರ್, ನಾನು ಹೊಂಡಕ್ಕೆ ನಾರು ತರೋಕೆ ಹೋಗಿದ್ದೆ. ಬರೋಷ್ಟರಲ್ಲಿ ಅಣ್ಣ ಬಿದ್ದಿದ್ದ. ವಸ್ತ್ರ ಕುಯ್ದೆ, ಕೂಗ್ಕೊಂಡೆ. ಎಷ್ಟು ಸಲ ಹೇಳೋದು?"

"ಕೈ ಇಲ್ದೆ ಚಕ್ರ ತಿರುಗುತ್ತೇನಪ್ಪ?"

ಅವನು ಮತ್ತೆ ಕಂಬಳಿಯ ನೂಲಿಗೆ ಕೈಹಾಕಿದ. ಪ್ರತಿ ಸಲವೂ ಅವನ ಮಾತು ಇಲ್ಲಿಗೇ ಬಂದು ನಿಲ್ಲುತ್ತಿತ್ತು.

"ಹೋಗ್ಲಿ. ಇದು ಹೇಳು. ಚಕ್ರ ಕೊಟ್ಟಿಗೆ ಒಳಗೆ. ಅಣ್ಣ ಹೊರಗೆ, ಅಂಗಳದಲ್ಲಿ. ಮಧ್ಯೆ ಮಣ್ಣಿನ ಗೋಡೆ, ಅದರಲ್ಲಿ ಒಂದು ತೂತು, ತೂತಲ್ಲಿ ಎಳೆ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ನಿಲ್ಸು ಅನ್ನೋದು ಹೇಗೆ?"

ಮೊದಲ ಬಾರಿಗೆ ಅವನ ಮುಖದಲ್ಲಿ ಕೆಲಸಗಾರನ ಕಳೆ ಬಂತು. "ಎಳೆ ಜಗ್ಗೋದು ಸಾರ್. ಚಕ್ರದ ಸದ್ದಲ್ಲಿ ಕೂಗಿದ್ರೆ ಕೇಳಲ್ಲ. ಎರಡು ಸಲ ಟಕ್ ಟಕ್ ಅಂತ ಜಗ್ಗಿದ್ರೆ ನಿಲ್ಸು ಅಂತ. ತೂತಿನ ಹತ್ರ ಎಳೆ ಕುಣಿಯುತ್ತೆ, ಕೈಗೂ ಗೊತ್ತಾಗುತ್ತೆ."

"ಯಾರಿಗೆಲ್ಲ ಗೊತ್ತು ಇದು?"

"ಅಪ್ಪಂಗೆ ಗೊತ್ತಿತ್ತು. ಈಗ ಅಣ್ಣಂಗೆ, ನಂಗೆ. ಮತ್ಯಾರಿಗೆ ಬೇಕು?"

ನಿಧಾನಪ್ಪ ಕಂಬಿಗೆ ಹತ್ತಿರ ಬಂದರು. "ನೋಡು, ಆವತ್ತು ಚಕ್ರದ ಹತ್ರ ಯಾರಿದ್ರು ಅನ್ನೋದು ನಂಗೆ ಸಿಕ್ಕಿದ್ರೆ, ಅದು ನೀನಲ್ಲ ಅಂತಾದ್ರೆ, ಈ ಬಾಗಿಲು ನಾನೇ ತೆಗೀತೀನಿ. ಮಾತು."

ತಮ್ಮ ಅವರನ್ನೇ ನೋಡಿದ. ಸಂತೋಷಪಡಲಿಲ್ಲ. ಹೊಸೆದ ನೂಲನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, "ಸಿಕ್ಕಿದ್ರೆ ಅವರನ್ನೇನ್ ಮಾಡ್ತೀರಿ?" ಎಂದು ಕೇಳಿದ.

ಆ ಪ್ರಶ್ನೆ ನಿಧಾನಪ್ಪನ ಜೊತೆಗೇ ಜೀಪು ಹತ್ತಿತು.

*

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಯಜಮಾನ ಕಿಟಕಿಯ ಪಕ್ಕ ಕೂತಿದ್ದ. ಅಗಲ ಭುಜದ ಆಳು. ಕೊರಳ ಸುತ್ತ ನೇರಳೆ ಗೆರೆ ಇನ್ನೂ ಮಾಸಿರಲಿಲ್ಲ. ಅವನಿಗೆ ತನ್ನ ಮದುವೆ ನೆನಪಿತ್ತು, ಅಪ್ಪ ತೀರಿಕೊಂಡದ್ದು ನೆನಪಿತ್ತು. ಬೆಳಿಗ್ಗೆ ಯಾರು ಬಂದಿದ್ದರು ಎಂಬುದು ಮಧ್ಯಾಹ್ನಕ್ಕೆ ಒಮ್ಮೊಮ್ಮೆ ಕೈತಪ್ಪುತ್ತಿತ್ತು.

"ನಿನ್ನೆ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀರಾ ಯಜಮಾನ್ರೇ?"

"ಹೇಳ್ದೆನಲ್ಲ" ಎಂದ ಅವನು. ಕಲಿತ ಪಾಠ ಒಪ್ಪಿಸುವ ಹುಡುಗನ ದನಿ. "ತಮ್ಮ ತಿರುಗಿಸ್ತಿದ್ದ. ವಸ್ತ್ರದ ತುದಿ ಎಳೆಗೆ ಸಿಕ್ಕೊಳ್ತು. ಅವನು ನಿಲ್ಲಿಸಲಿಲ್ಲ. ನಾನು ಬಿದ್ದೆ. ತಗಡಿನ ತೊಟ್ಟಿ ಪಕ್ಕದಲ್ಲೇ ಬಿದ್ದೆ. ತೊಟ್ಟಿಯ ಅಂಚು ಕಿವಿಗೆ ತಣ್ಣಗೆ ತಾಗ್ತು."

ನಿಧಾನಪ್ಪ ತಲೆಯೆತ್ತಿದರು.

ತೊಟ್ಟಿ!

ಆ ತೊಟ್ಟಿಯನ್ನು ಅವರು ಕಂಡಿದ್ದರು. ಅದು ಇರುವ ಜಾಗ ಮನೆಯ ಹಿತ್ತಲು. ಆವತ್ತು ತಮ್ಮನ ಕೂಗು ಕೇಳಿ ಓಡಿಬಂದ ನೆರೆಯವರು, ಬಿದ್ದವನ ಮೇಲೆ ನೀರು ಹಾಕಲೆಂದು ಅದನ್ನು ಅಂಗಳಕ್ಕೆ ಎಳೆದು ತಂದಿದ್ದರು. ಎಳೆದವರೇ ಹೇಳಿದ್ದರು. ನೆಲದ ಮೇಲೆ ಎಳೆದ ಗೆರೆಯೂ ಇತ್ತು. ಯಜಮಾನ ಬಿದ್ದಾಗ ಅಲ್ಲಿ ತೊಟ್ಟಿ ಇರಲಿಲ್ಲ. ತೊಟ್ಟಿ ಬಂದಾಗ ಯಜಮಾನನಿಗೆ ಎಚ್ಚರವಿರಲಿಲ್ಲ.

ನೋಡದ್ದು ನೆನಪಾಗುವುದು ಹೇಗೆ?

ಹೊರಗೆ ಮೊಗಸಾಲೆಯಲ್ಲಿ ಡಾಕ್ಟ್ರಮ್ಮನನ್ನು ಹಿಡಿದು ನಿಲ್ಲಿಸಿ ಅದನ್ನೇ ಕೇಳಿದರು. ಆಕೆ ನಡುವಯಸ್ಸಿನ ಹೆಂಗಸು; ಸುಸ್ತಾದ ಕಣ್ಣು, ಚುರುಕು ಮಾತು.

"ಮದ್ದು ಏನನ್ನೂ ಹೊಸದಾಗಿ ತಂದುಕೊಡಲ್ಲ ಇನ್‌ಸ್ಪೆಕ್ಟರೇ. ರಕ್ತ ನಿಂತಾಗ ಸೊರಗಿದ ಜಾಗನ ಸ್ವಲ್ಪ ಹದ ಮಾಡುತ್ತೆ, ಹೊಲ ಹದ ಮಾಡ್ತಾರಲ್ಲ ಹಾಗೆ. ಒಳಗೆ ಬೇರು ಉಳಿದಿದ್ರೆ ಚಿಗುರಬಹುದು. ಎಲ್ಲರಿಗೂ ಆಗಲ್ಲ. ಇವರಿಗೆ ಆಗ್ತಿದೆ ಅನ್ನೋದೇ ನಮ್ಮ ಪುಣ್ಯ."

"ಆ ಗಳಿಗೆ? ಕತ್ತು ಬಿಗಿದ ಗಳಿಗೆ?"

"ಅದು ಕಷ್ಟ. ಮಿದುಳಿಗೆ ರಕ್ತ ಹೋಗೋದು ನಿಂತಾಗ ಅದು ಬಹಳ ಸಲ ಆ ಹೊತ್ತನ್ನ ಇಟ್ಟುಕೊಳ್ಳೋದೇ ಇಲ್ಲ. ಇಡದೇ ಇದ್ದದ್ದನ್ನ ಹುಡುಕಿ ತೆಗೆಯೋದು ಹೇಗೆ?"

"ಹದ ಮಾಡಿದ ಹೊಲಕ್ಕೆ ಹೊರಗಿನವರು ಬಂದು ಬೇರೆ ಬೀಜ ಚೆಲ್ಲಿದ್ರೆ?"

ಡಾಕ್ಟ್ರಮ್ಮ ಕೋಣೆಯ ಬಾಗಿಲ ಕಡೆ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಅದೂ ಬೆಳೆಯುತ್ತೆ. ಅವರಿಗೆ ಅದು ತಮ್ಮದೇ ನೆನಪು ಅನ್ಸುತ್ತೆ. ಸುಳ್ಳು ಹೇಳ್ತಿದೀನಿ ಅನ್ನೋದೇ ಗೊತ್ತಾಗಲ್ಲ."

"ಮದ್ದು ಕೊಡೋದು ಯಾವಾಗ?"

"ಸಂಜೆ. ಕೊಟ್ಟ ಮೇಲೆ ಸ್ವಲ್ಪ ಹೊತ್ತು ಮಾತಾಡಿಸಿ ಅಂತ ನಾನೇ ಹೇಳಿದೀನಿ. ಮನೆ ಮಾತು, ಹಳೇ ಮಾತು."

"ಯಾರು ಮಾತಾಡಿಸೋದು?"

"ಹೆಂಡತಿ. ಬೇರೆ ಯಾರನ್ನೂ ಒಳಗೆ ಬಿಡಬೇಡಿ ಅಂತ ನೀವೇ ಅಲ್ವಾ ಹೇಳಿದ್ದು?"

ಹೌದು. ಬೇಲಿ ಹಾಕಿದ್ದು ತಾವೇ. ಒಳಗೆ ಯಾರನ್ನು ಬಿಟ್ಟೆವು ಎಂದು ನೋಡದೆ ಬೇಲಿ ಹಾಕಿದ್ದರು. ನಿಧಾನಪ್ಪನ ಕಿವಿ ಬಿಸಿಯಾಯಿತು.

"ಡಾಕ್ಟ್ರಮ್ಮಾ, ಕೈಕೆಲಸ ಎಲ್ಲ ನೆನಪಿರುತ್ತೆ, ಅದು ಬೇರೆ ಜಾಗ ಅಂದಿದ್ರಿ ಮೊನ್ನೆ. ಅವರನ್ನ ಅಂಗಳಕ್ಕೆ ಕರ್ಕೊಂಡು ಹೋಗಿ ನೋಡ್ತೀನಿ ಅಂತಲೂ ಅಂದಿದ್ರಿ. ಅದನ್ನ ಇವತ್ತೇ ಮಾಡೋಣ್ವಾ?"

"ಇವತ್ತೇ? ಏನು ಅವಸರ? ನಿಮ್ಮನ್ನ ಎಲ್ಲರೂ ಏನೋ ಬೇರೆ ಹೆಸರಲ್ಲಿ ಕರೀತಾರಲ್ಲ…"

"ಕರೀತಾರೆ" ಎಂದರು ನಿಧಾನಪ್ಪ. "ನಾಳೆ ಬೆಳಿಗ್ಗೆ ಆದ್ರೆ ಆ ಹೆಸರು ನಿಜವಾಗುತ್ತೆ."

*

ಬಿಸಿಲು ಇಳಿಮುಖವಾದಾಗ ಆಸ್ಪತ್ರೆಯ ಗಾಡಿ ಹಗ್ಗದ ಅಂಗಳಕ್ಕೆ ಬಂತು. ಯಜಮಾನ ಇಳಿದು ಗಾಳಿಯನ್ನು ಮೂಸಿದ. ಮುಖ ಅರಳಿತು. "ನಾರು ಇನ್ನೂ ಸರಿಯಾಗಿ ತೊಳೆದಿಲ್ಲ" ಎಂದ.

"ಬಂದ ತಕ್ಷಣ ಶುರು ಮಾಡಿದ್ರಾ?" ಎಂದು ಹೆಂಡತಿ ಗದರಿದಳು. ಗದರುತ್ತಲೇ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು.

ಹಳೆಯ ಎಳೆಯನ್ನು ನಿಧಾನಪ್ಪ ಮುದ್ರೆಸಮೇತ ಬಿಚ್ಚಿ ಚೀಲಕ್ಕೆ ಹಾಕಿಸಿದ್ದರು. ಚಕ್ರದ ಮುಂದೆ ಮೀಸೆಯನ್ನು ಕೂರಿಸಿದರು.

"ಸಾರ್, ನಾನು ಹುಟ್ಟಿದಾಗಿಂದ ಬಾವಿ ರಾಟೆ ಬಿಟ್ರೆ ಏನೂ ತಿರುಗಿಸಿಲ್ಲ."

"ಮೀಸೆ ತಿರುಗಿಸಿದೀಯಲ್ಲ, ಸಾಕು." ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಏನೇ ಆದ್ರೂ ನಾನು ಹೇಳೋ ತನಕ ನಿಲ್ಲಿಸಬೇಡ" ಎಂದರು.

ಅವರು ನಿಂತದ್ದು ಕೊಟ್ಟಿಗೆಯ ಬಾಗಿಲಲ್ಲಿ. ಅಲ್ಲಿಂದ ಅಂಗಳವೂ ಕಾಣುತ್ತಿತ್ತು, ಒಳಗಿನ ಚಕ್ರವೂ ಕಾಣುತ್ತಿತ್ತು. ಯಜಮಾನನ ಹೆಂಡತಿಯನ್ನು ಒಳಗೇ, ಗೋಡೆಯ ಪಕ್ಕದ ಮಣೆಯ ಮೇಲೆ ಕೂರಲು ಹೇಳಿದ್ದರು. "ಬಿಸಿಲಲ್ಲಿ ಯಾಕೆ ನಿಲ್ತೀರಿ?" ಎಂದಿದ್ದರು, ಅಷ್ಟೆ.

ಯಜಮಾನ ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡ. ಚಕ್ರದ ಕೊಕ್ಕೆಗೆ ಸಿಕ್ಕಿಸಿ ತೂತಿನಿಂದ ಹೊರಗೆ ಬಿಟ್ಟಿದ್ದ ನಾರಿನ ತುಂಡೆಳೆಗೆ ಒಂದು ಚಿಟಿಕೆ ನಾರು ಸಿಕ್ಕಿಸಿದ. ಮೀಸೆ ತಿರುಗಿಸಿದ. ಎಳೆ ಹುಟ್ಟಿತು.

ಬೆಳಿಗ್ಗೆ ಬಂದವರು ಯಾರೆಂದು ಮಧ್ಯಾಹ್ನಕ್ಕೆ ಮರೆಯುವ ಮನುಷ್ಯ ಈಗ ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಎಡಗೈಯಿಂದ ನಾರು ಬಿಡುತ್ತ, ಬಲಗೈಯಿಂದ ಸವರಿ ನೇವರಿಸುತ್ತ ನಡೆದ. ಎಳೆ ಒಂದು ಕಡೆಯೂ ದಪ್ಪವಿಲ್ಲ, ಒಂದು ಕಡೆಯೂ ತೆಳುವಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ಡಾಕ್ಟ್ರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು.

ಮೀಸೆಗೆ ಹುರುಪು ಬಂತು. ಚಕ್ರ ಗಿರ್ರೆಂದಿತು. ಎಳೆಗೆ ಹುರಿ ಮಿತಿಮೀರಿ, ಅಲ್ಲಲ್ಲಿ ಗಂಟುಗಂಟಾಗಿ ಮುದುಡತೊಡಗಿತು. ಯಜಮಾನನ ಹುಬ್ಬು ಗಂಟಿಕ್ಕಿತು.

ಅವನು ಎಳೆಯನ್ನು ಜಗ್ಗಿದ. ಟಕ್. ಟಕ್.

ತೂತಿನ ಬಳಿ ಎಳೆ ಎರಡು ಸಲ ಕುಣಿಯಿತು. ಮೀಸೆ ನಾಲಿಗೆ ಕಚ್ಚಿಕೊಂಡು ತಿರುಗಿಸುತ್ತಲೇ ಇದ್ದ. ಹೊರಗೆ ಎಳೆ ಹಾವಿನ ಹಾಗೆ ನುಲಿದು ಯಜಮಾನನ ಮುಂಗೈಗೆ ಸುತ್ತಿಕೊಂಡಿತು. ಅವನ ಗಂಟಲಿನಿಂದ ಒಂದು ಸದ್ದು ಹೊರಟಿತು.

ನಿಧಾನಪ್ಪ 'ಸಾಕು' ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಮಣೆ ಉರುಳಿತು. ಅವಳು ಒಂದೇ ನೆಗೆತಕ್ಕೆ ಚಕ್ರದ ಮುಂದಿದ್ದಳು. ಮೀಸೆಯ ಕೈಯನ್ನು ತಳ್ಳಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಕೊಕ್ಕೆಯ ಪಕ್ಕದಲ್ಲಿ ಹುರಿ ಬಿಚ್ಚಿ, ನಾರು ಕೂದಲಿನಂತೆ ಹರಡಿಕೊಂಡಿತು.

ಬೆಳಿಗ್ಗೆ ಕಂಡ ಎಳೆಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಹಿಡಿಕೆಯನ್ನು, ಸುಟ್ಟಂತಾಗಿ, ಬಿಟ್ಟಳು.

"ಅಕ್ಕಾ" ಎಂದರು ನಿಧಾನಪ್ಪ ಮೆಲ್ಲಗೆ, "ಎರಡು ಜಗ್ಗಿದ್ರೆ ನಿಲ್ಸು ಅಂತ ನಿಮಗೆ ಯಾರು ಹೇಳಿಕೊಟ್ಟಿದ್ದು?"

"ನೋಡಿ ನೋಡಿ…"

"ಒಳಗೆ ಗುಡಿಸೋವಾಗ?"

ಅವಳು ಉರುಳಿದ ಮಣೆಯನ್ನು ನೆಟ್ಟಗಿಟ್ಟು, ಅದರ ಮೇಲೆ ಕುಸಿದಳು.

"ತೊಟ್ಟಿ ಅವರ ಕಣ್ಣಿಗೆ ಬಿದ್ದೇ ಇಲ್ಲ ಅಕ್ಕಾ. ನಿಮ್ಮ ಕಣ್ಣಿಗೆ ಬಿದ್ದಿತ್ತು. ಪ್ರತಿ ಸಂಜೆ ಮದ್ದು ಕೊಟ್ಟ ಮೇಲೆ ಏನು ಹೇಳ್ತಿದ್ರಿ ಅವರಿಗೆ?"

"ನೀವು ಹೇಳಿದ್ದನ್ನೇ!" ಅವಳ ದನಿ ಸೀಳಿಬಂತು. "ಮೈದುನಾನೇ ಮಾಡಿದ್ದು ಅಂತ ಹೇಳಿದ್ದು ಯಾರು? ನಾನಾ? ನೀವಲ್ವಾ ಬಂದು ಬೇಡಿ ಹಾಕ್ಕೊಂಡು ಹೋಗಿದ್ದು? ಊರೆಲ್ಲ ಹೌದು ಅಂತು. ನಾನೂ ಹೌದು ಅಂದೆ. ಹೌದು ಹೌದು ಅಂತ ಹೇಳ್ತಾ ಹೇಳ್ತಾ ನಂಗೂ ಅದೇ ನಿಜ ಅನ್ನಿಸೋಕೆ ಶುರುವಾಯ್ತು."

ನಿಧಾನಪ್ಪ ಆ ಏಟನ್ನು ಸುಮ್ಮನೆ ತೆಗೆದುಕೊಂಡರು. "ಆವತ್ತು ಏನಾಯ್ತು?"

"ಮೈದುನ ಹೊಂಡಕ್ಕೆ ಹೋಗ್ತೀನಿ ಅಂತ ಹೋದ. ಮೋಡ ಬಂದಿತ್ತು, ಎಳೆ ಅರ್ಧ ಆಗಿತ್ತು. ಇವರು ನನ್ನ ಕರೆದು ಕೂರಿಸಿದ್ರು. ಮೊದಲೂ ಒಂದೆರಡು ಸಲ ಕೂತಿದ್ದೆ, ತಮ್ಮನ ಮುಂದೆ ಹೇಳಬೇಡ ಅಂದಿದ್ರು. ಅವನ ಕೆಲಸ ಹೆಂಗಸರ ಕೈಲೂ ಆಗುತ್ತೆ ಅಂತಾದ್ರೆ ಅವನಿಗೆ ಬೇಜಾರಂತೆ." ಕಣ್ಣೀರಿನ ನಡುವೆಯೇ ಅವಳಿಗೆ ಒಂದು ಕಹಿ ನಗು ಬಂತು. "ಕೂತ್ಕೊಂಡಾಗಿಂದ ಜಗ್ಗೋದೇ. ನಿಲ್ಸು. ಮತ್ತೆ ಶುರು. ನಿಲ್ಸು. ಹುರಿ ಸರಿ ಬಂದಿಲ್ಲ ಅಂತ. ಜೀವಮಾನವೆಲ್ಲ ಹೀಗೇ ಸಾಹೇಬ್ರೇ, ನಾನು ಮಾಡಿದ್ದು ಒಂದೂ ಸರಿ ಬಂದಿಲ್ಲ. ಕೊನೇಲಿ ಇನ್ನೊಂದ್ಸಲ ಎರಡು ಜಗ್ಗು ಬಂತು."

"ಗೊತ್ತಾಯ್ತಾ ನಿಮಗೆ?"

"ಗೊತ್ತಾಯ್ತು."

"ನಿಲ್ಲಿಸಿದ್ರಾ?"

ಅವಳು ಚಕ್ರದ ಹಿಡಿಕೆಯ ಕಡೆ ನೋಡಿದಳು.

"ಹಠ ಬಂತು. ಜಗ್ಗಲಿ, ಎಷ್ಟು ಬೇಕೋ ಅಷ್ಟು ಜಗ್ಗಲಿ ಅಂತ ಇನ್ನಷ್ಟು ತಿರುಗಿಸ್ದೆ. ಚಕ್ರ ಭಾರ ಬಂತು. ಯಾಕೋ ಭಯವಾಯ್ತು, ಹಿಂದಕ್ಕೆ ತಿರುಗಿಸ್ದೆ. ಆಗ ಮೈದುನನ ಕಿರುಚಾಟ ಕೇಳಿಸ್ತು. ಕಾಲು ಎಲ್ಲಿಗೆ ಹೋಯ್ತೋ, ಹಿಂದಿನ ಬಾಗಿಲಿಂದ ಮನೆಗೆ ಓಡಿದೆ. ಜನ ಸೇರಿದ ಮೇಲೆ ಬಂದೆ. ಇವರು ತೊಟ್ಟಿ ಪಕ್ಕ ಮಲಗಿದ್ರು."

ಮೀಸೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ನಿಧಾನಪ್ಪನಿಗೆ ಒಮ್ಮೆಲೇ ಆಯಾಸವಾಯಿತು. ಒಂದು ಗಳಿಗೆಯ ಹಠ. ಅದಕ್ಕೆ ಕೊಲೆಯ ಪ್ರಯತ್ನ ಎಂಬ ಹೆಸರು ಹೊಂದುವುದಿಲ್ಲ. ಆದರೂ ತಮ್ಮನ ಬಾಗಿಲು ತೆಗೆಯಬಹುದು. ಕೊಟ್ಟ ಮಾತು ತೀರಿತು.

"ಏ ಇವಳೇ, ಇಲ್ನೋಡು."

ಬಾಗಿಲಲ್ಲಿ ಯಜಮಾನ ನಿಂತಿದ್ದ. ಡಾಕ್ಟ್ರಮ್ಮ ತೋಳು ಹಿಡಿದಿದ್ದಳು. ಸೊಂಟದಲ್ಲಿ ನಾರು ಹಾಗೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಹೆಂಡತಿ ತಲೆಯೆತ್ತಲಿಲ್ಲ. "ಬೈದುಬಿಡಿ. ಏನಾದ್ರೂ ಅಂದುಬಿಡಿ."

"ಜಗ್ಗಿದ್ದು ನಾನಲ್ಲ" ಎಂದ ಯಜಮಾನ.

ನಿಧಾನಪ್ಪ ತಿರುಗಿದರು. "ಏನಂದ್ರಿ?"

"ಕೊನೇ ಸಲ ಎರಡು ಜಗ್ಗು ಬಂತು ಅಂತಾಳಲ್ಲ. ಅದು ನಾನಲ್ಲ." ಈ ದನಿ ಬೆಳಗಿನದಲ್ಲ. ತಡವರಿಸುತ್ತಿತ್ತು, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವನ ಹಾಗೆ. "ನನ್ನ ಕೈ ಎರಡೂ ಇಲ್ಲಿದ್ವು."

ಅವನು ಎರಡು ಕೈಯನ್ನೂ ಕೊರಳಿಗೆ ತಂದ. ಇಲ್ಲದ ವಸ್ತ್ರದ ಕೆಳಗೆ ಬೆರಳು ತೂರಿಸಲು ನೋಡಿದ. ನೇರಳೆ ಗೆರೆಯ ಮೇಲೆ ಬೆರಳುಗಳು ಒದ್ದಾಡಿದವು.

"ಹೀಗೆ… ಬೆರಳು ಹೋಗ್ತಿರಲಿಲ್ಲ. ಎಳೆ ನನ್ನ ಕಣ್ಣ ಮುಂದೆ ಕುಣೀತು. ಎರಡು ಸಲ. ನಾನಲ್ಲ. ಯಾರೋ ಮಧ್ಯದಲ್ಲಿ ಹಿಡ್ಕೊಂಡಿದ್ರು. ಚಪ್ಪಲಿ ಇಲ್ದಿರೋ ಕಾಲು. ಅಷ್ಟೇ ಕಾಣ್ತದೆ. ಮುಂದೆ ಕಾಣಲ್ಲ."

ಡಾಕ್ಟ್ರಮ್ಮ ಮೆಲ್ಲಗೆ ಎಚ್ಚರಿಸಿದಳು: "ಇನ್‌ಸ್ಪೆಕ್ಟರೇ, ಆ ಹೊತ್ತಿನ ನೆನಪನ್ನ ಹಾಗೆಲ್ಲ ನಂಬೋಕಾಗಲ್ಲ. ಇದೂ ಯಾರೋ ಬಿತ್ತಿದ್ದಿರಬಹುದು."

ನಿಧಾನಪ್ಪ ಯಜಮಾನನ ಹೆಂಡತಿಯ ಕಡೆ ನೋಡಿದರು. ಅವಳ ಮುಖ ಬಿಳಿಚಿತ್ತು.

"ನಾನು ಇದನ್ನ ಹೇಳಿಲ್ಲ ಸಾಹೇಬ್ರೇ. ಹೇಗೆ ಹೇಳಲಿ? ಇವರೇ ಜಗ್ಗಿದ್ದು ಅಂತ ನಾನು ಈ ಗಳಿಗೆವರೆಗೂ ತಿಳ್ಕೊಂಡಿದ್ದೆ."

ಅದೇ ಸಾಕಾಗಿತ್ತು. ಬಿತ್ತುವವಳ ಕೈಯಲ್ಲಿ ಇಲ್ಲದ ಬೀಜ ಇದು. ಒಳಗೇ ಉಳಿದಿದ್ದ ಬೇರಿನಿಂದ ಎದ್ದದ್ದು.

ಎರಡು ಜಗ್ಗಿನ ಗುಟ್ಟು ಬಲ್ಲವರು ಮೂವರು. ಒಬ್ಬನ ಕೈ ಕೊರಳಲ್ಲಿತ್ತು. ಒಬ್ಬಳ ಕೈ ಚಕ್ರದಲ್ಲಿತ್ತು. ಮೂರನೆಯವನು ಹೊಂಡದಲ್ಲಿದ್ದೆ ಎನ್ನುತ್ತಿದ್ದ.

"ಡಾಕ್ಟ್ರಮ್ಮಾ" ಎಂದರು ನಿಧಾನಪ್ಪ, "ಇವತ್ತು ಸಂಜೆ ಮದ್ದು ಕೊಟ್ಟ ಮೇಲೆ ಅವರ ಹತ್ರ ಯಾರೂ ಮಾತಾಡಬಾರದು. ನೀವೂ ಅಷ್ಟೆ."

*

ಠಾಣೆಗೆ ಬರುವಷ್ಟರಲ್ಲಿ ದೀಪ ಹಚ್ಚಿದ್ದರು. ನಿಧಾನಪ್ಪ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಲಾಕಪ್ಪಿನ ಮುಂದೆ ನಿಂತರು.

ತಮ್ಮ ಎದ್ದು ಕಂಬಿ ಹಿಡಿದ. "ಸಿಕ್ಕಿದ್ರಾ ಸಾರ್?"

"ಸಿಕ್ಕಿದ್ರು. ಚಕ್ರದಲ್ಲಿ ಇದ್ದದ್ದು ನೀನಲ್ಲ."

ಅವನು ಕಣ್ಣು ಮುಚ್ಚಿಕೊಂಡ. ಅತ್ತಿಗೆಯ ಹೆಸರು ಎತ್ತಲಿಲ್ಲ. ಯಾರು ಎಂದು ಕೇಳಲೂ ಇಲ್ಲ.

"ನಿಂಗೆ ಮೊದಲೇ ಗೊತ್ತಿತ್ತು" ಎಂದರು ನಿಧಾನಪ್ಪ.

ತಮ್ಮ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ನಿಧಾನಪ್ಪ ಕಂಬಿ ಹಿಡಿದ ಆ ಕೈಗಳನ್ನು ನೋಡಿದರು. ಆವತ್ತು ಈ ಕೈಗೆ ಬೇಡಿ ಹಾಕಿದ್ದು ತಾವೇ. ಹೊಂಡದಿಂದ ಹಸಿ ನಾರು ಹೊತ್ತು ತಂದ ಕೈ ಎಂದರೆ ನಾತ ಬರಬೇಕಿತ್ತು. ಉಜ್ಜಿ ತೊಳೆದರೂ ಬಿಡದ ನಾತ. ಬಂದಿತ್ತೇ? ಅಂಗಿ ಒದ್ದೆಯಿತ್ತೇ? ಕಣ್ಣು ಮುಚ್ಚಿ ಹುಡುಕಿದರು. ಬಂದಿತ್ತು ಎಂದೂ ಅನ್ನಿಸಿತು, ಇಲ್ಲ ಎಂದೂ ಅನ್ನಿಸಿತು. ಇನ್ನೊಬ್ಬನ ನೆನಪಿಗಾಗಿ ಇಷ್ಟು ಕಾಲ ಕಾದು ಕೂತವರು ತಾವು. ಈಗ ತಮ್ಮದೇ ನೆನಪಿನ ಹೊಲದಲ್ಲಿ ಯಾವುದು ಬೆಳೆ, ಯಾವುದು ಕಳೆ ತಿಳಿಯದೆ ನಿಂತಿದ್ದರು.

"ಮಾತು ಕೊಟ್ಟಿದ್ರಿ ಸಾರ್" ಎಂದ ತಮ್ಮ. "ಬಾಗಿಲು…"

"ಕೊಟ್ಟಿದ್ದೆ." ಅವರು ಬೀಗದ ಕೈಯನ್ನು ಬೀಗದವರೆಗೆ ಒಯ್ದು, ಅಲ್ಲೇ ತಡೆದರು. "ತೆಗೆಯೋ ಮುಂಚೆ ಒಂದೇ ಮಾತು. ಆವತ್ತು ಎಳೆ ಎರಡು ಸಲ ಜಗ್ಗಿದವರು ನಿನ್ನ ಅಣ್ಣ ಅಲ್ಲವಂತೆ. ಯಾರೋ ಬರಿಗಾಲಲ್ಲಿ ಪಕ್ಕದಲ್ಲೇ ನಿಂತಿದ್ದರಂತೆ."

ತಮ್ಮನ ಕೈ ಕಂಬಿಯಿಂದ ಜಾರಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ, ಮತ್ತೊಂದು ಹೆಜ್ಜೆ, ಅಣ್ಣ ಅಂಗಳದಲ್ಲಿ ನಡೆಯುವ ಹಾಗೇ ಹಿಂದೆ ಹಿಂದೆ, ಬೆನ್ನಿಗೆ ಗೋಡೆ ಸಿಗುವವರೆಗೆ. ಬೆರಳಿಗೆ ಸುತ್ತಿದ್ದ ಕಂಬಳಿ ನೂಲಿನ ಹುರಿ ನೆಲಕ್ಕೆ ಬಿತ್ತು.

"ಜಗ್ಗೋ ಮುಂಚೆ…" ಎಂದವನು ಬಿದ್ದ ಹುರಿಯನ್ನೇ ನೋಡಿದ. "ಜಗ್ಗೋ ಮುಂಚೆ ನಾನು ಎಷ್ಟು ಹೊತ್ತು ಸುಮ್ನೆ ನಿಂತು ನೋಡ್ತಿದ್ದೆ ಅಂತ, ಸಾರ್… ಅಣ್ಣಂಗೆ ಅದೂ ನೆನಪಾಯ್ತಾ?"

ನಿಧಾನಪ್ಪ ಬೀಗದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.